ಸಾವಕಾಶ: ಹಳ್ಳಿಖೇಡದ ದಿನಚರಿ

ಫೆಬ್ರುವರಿ 9, 2025, ಭಾನುವಾರ

ಬೆಳಗಿನ ಜಾವ 3 ಗಂಟೆ. ಮತ್ತೆ ಎಚ್ಚರ. ನನ್ನ ಔಷಧದಂಗಡಿಯಿಂದ ತಂದ ಬಿಪಿ ಮಷೀನು ತೋಳಿಗೆ ಕಟ್ಟಿಕೊಂಡು ನೋಡಿದೆ: 152/96. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ: 150/96. ಮಷೀನಿನ ತಪ್ಪಲ್ಲ.

ಇಡೀ ಊರಿಗೆ ಟೆಲ್ಮಿಸಾರ್ಟನ್, ಆಮ್ಲೋಡಿಪಿನ್ ಕೊಡುವವನು ನಾನು. "ಉಪ್ಪು ಕಮ್ಮಿ ಮಾಡ್ರಿ, ಚಿಂತಿ ಬಿಡ್ರಿ" ಅಂತ ಹೇಳಿ ಕಳಿಸುವವನೂ ನಾನೇ. ಮೊನ್ನೆ ಹುಮನಾಬಾದಿನ ಡಾಕ್ಟರು ನನ್ನ ಬಿಪಿ ಗುಳಿಗೆಯ ಡೋಸು ಏರಿಸಿದರು. ನಿದ್ದೆಗೆ ಅಲ್ಪ್ರಾಜೊಲಾಮ್, ಅರ್ಧ ಗುಳಿಗೆ, ತೀರ ಬೇಕಾದಾಗ ಮಾತ್ರ. ಜೊತೆಗೆ ವಾಕಿಂಗ್. ಮಾಡುತ್ತಲೇ ಇದ್ದೇನೆ ಸರ, ಅಂದೆ. ಎಲ್ಲಿ? ಬೀದರ್ ರೋಡಿನ ಮೇಲೆ. ನಕ್ಕರು.

ನಕ್ಕಿದ್ದು ಸರಿಯೇ. ಕಬ್ಬಿನ ಟ್ರ್ಯಾಕ್ಟರು, ಒಂದೊಂದಕ್ಕೆ ಎರಡೆರಡು ಟ್ರಾಲಿ, ಮೇಲೆ ಡೆಕ್ಕಿನ ಹಾಡು. ಲಾರಿ ಬಂದಾಗಲೆಲ್ಲ ಮಣ್ಣಿಗೆ ಇಳಿಯಬೇಕು. ಹೋಗುವಾಗ ಇದ್ದದ್ದಕ್ಕಿಂತ ಬರುವಾಗ ತಲೆ ಜಾಸ್ತಿ ಬಿಸಿ.

ಫೆಬ್ರುವರಿ 11, ಮಂಗಳವಾರ

ರೋಡು ಬಿಟ್ಟೆ. ಹಳ್ಳ ದಾಟಿ ಅರಣ್ಯ ಇಲಾಖೆಯವರು ಹಚ್ಚಿದ ಗಿಡಗಳ ಕಡೆ ಹೋದೆ. ಊರವರು ಅದಕ್ಕೆ ಅಡವಿ ಅನ್ನುತ್ತಾರೆ. ಸಾಗವಾನಿ ಎಲೆ ಉದುರಿಸಿ ನಿಂತಿದೆ. ಗ್ಲಿರಿಸಿಡಿಯಾ ಮಾತ್ರ ಹೂವು ಬಿಟ್ಟಿದೆ. ಉಳಿದದ್ದು ಜಾಲಿ, ಬಾರಿ, ಒಣಗಿದ ಸೀತಾಫಲದ ಪೊದೆ. ನೆರಳು ಬೇಕೆಂದರೆ ಬೇವೇ ಗತಿ.

ಇದನ್ನು ಕಾಡು ಅಂದರೆ ಮಲೆನಾಡಿನವರು ನಗುತ್ತಾರೆ. ರಾಜ್ಯದ ಅರಣ್ಯ ಮಂತ್ರಿ ಈಶ್ವರ ಖಂಡ್ರೆಯವರು ನಮ್ಮ ಪಕ್ಕದ ಭಾಲ್ಕಿಯವರು. ರಾಜ್ಯದಲ್ಲಿ ಕಾಡು ಕಡಿಮೆ ಇರುವ ಜಿಲ್ಲೆಗಳಲ್ಲಿ ನಮ್ಮ ಬೀದರೂ ಒಂದು. ಎರಡೂ ನಿಜ.

ಆ ತುದಿ ಮುಟ್ಟಿ ಬಂದೆ. ಏನೂ ಆಗಲಿಲ್ಲ. ಏನಾಗಬೇಕಿತ್ತು ಅಂತಲೂ ಗೊತ್ತಿಲ್ಲ. ಸದ್ದು ಕಡಿಮೆ ಇತ್ತು, ಅಷ್ಟೆ.

ಫೆಬ್ರುವರಿ 16, ಭಾನುವಾರ, ರಾತ್ರಿ

ಹೈದರಾಬಾದಿನಿಂದ ಅಣ್ಣನ ಮಗನ ಫೋನು. "ಕಾಕಾ, ನೀವ್ ಮಾಡೋದು ಜಪಾನದವ್ರು ಮಾಡ್ತಾರ. ಆದ್ರ ಅವ್ರು ನಿಮ್ಮಂಗ ದಬಾದಬಾ ನಡೆಯಂಗಿಲ್ಲ."

ಅವನು ಹೇಳಿದ್ದು: 1982ರಲ್ಲಿ ಜಪಾನಿನ ಸರ್ಕಾರದ ಅರಣ್ಯ ಇಲಾಖೆಯೇ ಇದಕ್ಕೆ ಶಿನ್ರಿನ್-ಯೋಕು ಅಂತ ಹೆಸರಿಟ್ಟು ಜನರನ್ನು ಕಾಡಿಗೆ ಕರೆಯಿತು. ಕಾಡಿನ ಸ್ನಾನ. ಓಡುವುದಿಲ್ಲ, ಗುಡ್ಡ ಹತ್ತುವುದಿಲ್ಲ, ಸುಮ್ಮನೆ ನಿಧಾನಕ್ಕೆ ಇರುವುದು. ನಿಪ್ಪಾನ್ ವೈದ್ಯಕೀಯ ಕಾಲೇಜಿನ ಚಿಂಗ್ ಲಿ ಅನ್ನುವವರು ಟೋಕಿಯೊದ ನೌಕರರನ್ನು ಮೂರು ದಿನ ಕಾಡಿಗೆ ಕರೆದೊಯ್ದು ರಕ್ತ ಪರೀಕ್ಷೆ ಮಾಡಿದರು. ರೋಗದ ವಿರುದ್ಧ ಕೆಲಸ ಮಾಡುವ ಒಂದು ಬಗೆಯ ಬಿಳಿ ರಕ್ತಕಣಗಳು ಚುರುಕಾಗಿದ್ದವು. ಗಿಡಗಳು ಗಾಳಿಗೆ ಬಿಡುವ ಎಣ್ಣೆಯ ಅಂಶ ಇದಕ್ಕೊಂದು ಕಾರಣ ಅಂತ ಅವರ ಮಾತು.

ಎಷ್ಟು ಜನರ ಮೇಲೆ ಪರೀಕ್ಷೆ ಅಂತ ಕೇಳಿದೆ. ಮೊದಲನೆಯದು ಹನ್ನೆರಡು ಗಂಡಸರ ಮೇಲಂತೆ. ಹನ್ನೆರಡು ಜನರ ಲೆಕ್ಕ ಹಿಡಿದು ಕಂಪನಿಯ ಹುಡುಗ ಹೊಸ ಗುಳಿಗೆ ತಂದರೆ ನಾನು ಚಹಾ ಕುಡಿಸಿ ಕಳಿಸುತ್ತೇನೆ, ಆರ್ಡರ್ ಕೊಡುವುದಿಲ್ಲ. ಅದೂ ಅಲ್ಲದೆ ಅಲ್ಲಿ ವರ್ಷವಿಡೀ ಹಸಿರು, ಘಮಘಮ ಅನ್ನುವ ಗಿಡ. ಇಲ್ಲಿ ಎಲೆಯೇ ಇಲ್ಲ. ಎಣ್ಣೆ ಎಲ್ಲಿಂದ ಬರಬೇಕು?

"ವಾಚು, ಫೋನು ಮನ್ಯಾಗ ಬಿಟ್ಟು ಹೋಗ್ರಿ ಕಾಕಾ, ರೊಕ್ಕ ಏನ್ ಬೀಳ್ತದ?"

ರೊಕ್ಕ ಬೀಳುವುದಿಲ್ಲ ನಿಜ.

ಫೆಬ್ರುವರಿ 18, ಮಂಗಳವಾರ

ಸಾವಕಾಶ ನಡೆಯುವುದು ಇಷ್ಟು ಕಷ್ಟ ಅಂದುಕೊಂಡಿರಲಿಲ್ಲ. ಕಾಲು ತಾನೇ ಮುಂದೆ ಓಡುತ್ತದೆ. ಕೌಂಟರಿನಲ್ಲಿ ಯಾರೋ ಚೀಟಿ ಹಿಡಿದು ನಿಂತಿದ್ದಾರೆ ಅನ್ನುವ ಅವಸರ ಇಲ್ಲಿಗೂ ಬೆನ್ನು ಹತ್ತಿ ಬಂದಿದೆ.

ತಲೆಯಲ್ಲಿ ಬಂದದ್ದು, ಬಂದ ಸಾಲಿನಲ್ಲೇ: ಎಕ್ಸ್‌ಪೈರಿ ಮಾಲು ವಾಪಸು ಮಾಡಬೇಕು. ಜಿಎಸ್‌ಟಿ. ಬೀದರಿನ ಹೋಲ್‌ಸೇಲಿನವರ ಬಾಕಿ. ಮಗಳಿಗೆ ಬಂದ ಸಂಬಂಧ. ಅವರು ಇನ್ನೂ ತಿರುಗಿ ಮಾತಾಡಿಲ್ಲ. ಮತ್ತೆ ಎಕ್ಸ್‌ಪೈರಿ ಮಾಲು.

ಕಿವಿಗೆ ಬಿದ್ದದ್ದು: ಸಾಗವಾನಿ ಎಲೆ ಕಾಲಡಿ ಹಪ್ಪಳ ಮುರಿದಂತೆ ಮುರಿಯುವ ಸದ್ದು. ನಿಂತರೆ ಅದು ನಿಲ್ಲುತ್ತದೆ. ಆಮೇಲೆ ಸಣ್ಣ ಸದ್ದುಗಳು ಶುರು. ಓತಿಕ್ಯಾತ ಓಡಿದ್ದು. ಎಲ್ಲೋ ಗೌಜಗ ಕೂಗಿದ್ದು, ಕಾಣಲಿಲ್ಲ. ನಾನು ನಡೆಯುತ್ತಿದ್ದಷ್ಟು ಹೊತ್ತು ಅವೆಲ್ಲ ಬಾಯಿ ಮುಚ್ಚಿಕೊಂಡಿದ್ದವು.

ರಾತ್ರಿ ಅರ್ಧ ಗುಳಿಗೆ ತೆಗೆದುಕೊಂಡೆ.

ಫೆಬ್ರುವರಿ 26, ಬುಧವಾರ, ಶಿವರಾತ್ರಿ

ಉಪವಾಸ. ಮುಂಜಾನೆ ಸೀಮಿ ನಾಗನಾಥನ ಗುಡಿಗೆ ಹೋಗಿ ಬಂದೆವು, ಸಂಜೆ ನಾನೊಬ್ಬನೇ ಅಡವಿಗೆ. ಹೊಟ್ಟೆ ಖಾಲಿ ಇದ್ದುದಕ್ಕೋ ಏನೋ, ಕಣ್ಣು ತೊಳೆದುಕೊಂಡಷ್ಟು ಸ್ಪಷ್ಟ. ಜಾಲಿಯ ತೊಗಟೆಯಲ್ಲಿ ಅಂಟು ಒಸರಿ ಗಟ್ಟಿಯಾಗಿತ್ತು. ಒಂದು ಹರಳು ಕಿತ್ತು ಜೇಬಿಗೆ ಹಾಕಿಕೊಂಡೆ.

ಇವತ್ತು ಜಾಗರಣೆ. "ನಿಮಗ ವರ್ಷಾನಗಟ್ಲೆ ಜಾಗರಣಿನೇ, ಇವತ್ತೇನ್ ಹೊಸಾದು?" ಅಂದಳು ಇವಳು, ನನ್ನ ಹೆಂಡತಿ.

ಮಾರ್ಚ್ 4, ಮಂಗಳವಾರ

ಕಟ್ಟಿಗೆಗೆ ಬಂದ ಹೆಣ್ಣುಮಕ್ಕಳು ಎದುರಾದರು. ನಾನು ನೆಲ ನೋಡುತ್ತ ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದೆ. ಅವರಲ್ಲಿ ಹಿರಿಯಾಕೆ ಕೇಳಿದಳು:

"ಏನ್ ಕಳಕೊಂಡೀರ್ರೀ ಸಾವಕಾರ್ರ? ನಾವೂ ಹುಡಕ್ತೀವಿ."

"ಏನಿಲ್ಲ ಆಯಿ, ಸುಮ್ಮ ಅಡ್ಡಾಡ್ಲತ್ತೀನಿ."

"ಸುಮ್ಮನ?" ಅಂತ ಆಕೆ ಉಳಿದವರ ಕಡೆ ನೋಡಿದಳು. ಎಲ್ಲರೂ ನಕ್ಕರು. ಕೆಟ್ಟ ನಗು ಅಲ್ಲ. ಆದರೂ ದಾರಿ ಬಿಟ್ಟು ಪಕ್ಕಕ್ಕೆ ಸರಿದೆ.

ತಲೆ ಮೇಲೆ ಹೊರೆ. ಅವರೂ ನಿಧಾನಕ್ಕೇ ನಡೆಯುತ್ತಾರೆ, ನನಗಿಂತ ನಿಧಾನ. ಕುತ್ತಿಗೆ ಅಲುಗಾಡದ ಹಾಗೆ, ಪ್ರತಿ ಹೆಜ್ಜೆ ನೋಡಿ ಇಡುತ್ತಾರೆ.

ಮಧ್ಯಾಹ್ನ ಆಯಿ ಅಂಗಡಿಗೆ ಬಂದಳು. ಕುತ್ತಿಗೆ ಹಿಡಿದುಕೊಂಡಿದೆ. "ಹೋದ ಸಲದ್ದೇ ಮುಲಾಮು ಕೊಡ್ರಿ, ಅದು ಉರೀತದ ಆದ್ರ ಛಲೋ ಅದ." ಡೈಕ್ಲೋಫೆನಾಕ್ ಟ್ಯೂಬು ಕೊಟ್ಟೆ. ಸೊಂಟದ ಚೀಲ ಬಿಚ್ಚಿ ಚಿಲ್ಲರೆ ಎಣಿಸಿ ಇಟ್ಟಳು. ಬೆಳಗಿನ ಮಾತು ಇಬ್ಬರೂ ಎತ್ತಲಿಲ್ಲ.

ಅದೇ ದಾರಿ. ನನಗೆ ಅದು ನಿದ್ದೆಯ ಆಸೆ, ಆಕೆಗೆ ಕುತ್ತಿಗೆ ನೋವು. ಬರೆದ ಮೇಲೆ ಓದಿದರೆ ಕೆಟ್ಟದಾಗಿ ಕಾಣುತ್ತದೆ. ಕಾಣಲಿ.

ಮಾರ್ಚ್ 9, ಭಾನುವಾರ

ದೊಡ್ಡ ಬೇವಿನ ಬುಡದಲ್ಲಿ ನೆಲ ಹಿಟ್ಟಿನಷ್ಟು ನುಣ್ಣಗಿದೆ. ಅದರಲ್ಲಿ ಸಣ್ಣ ಸಣ್ಣ ಗುಣಿಗಳು, ಮೇಲೆ ಅಗಲ, ಕೆಳಗೆ ಚೂಪು. ಒಂದು ಕೆಂಪಿರುವೆ ಅಂಚಿಗೆ ಬಂತು, ಜಾರಿತು. ಮೇಲೆ ಹತ್ತಲು ಹೋದರೆ ಕಾಲಡಿಯ ಮಣ್ಣು ಕುಸಿಯುತ್ತದೆ. ಆಗ ಗುಣಿಯ ತಳದಿಂದ ಯಾರೋ ಮಣ್ಣು ಚಿಮ್ಮಿದರು. ಇನ್ನೊಮ್ಮೆ. ಇರುವೆ ಕೆಳಗೆ ಉರುಳಿತು. ಎರಡು ಸಣ್ಣ ಕೊಂಡಿ ಕಂಡವು, ಮರೆಯಾದವು. ಇರುವೆ ಹೇಗೋ ಬಿಡಿಸಿಕೊಂಡು ಅರ್ಧ ಮೇಲೆ ಬಂತು. ಮತ್ತೆ ಮಣ್ಣು. ಈ ಸಲ ಬಿಡಿಸಿಕೊಳ್ಳಲಿಲ್ಲ. ತಳದ ಧೂಳು ಒಂದಿಷ್ಟು ಅಲುಗಾಡಿತು, ನಿಂತಿತು.

ಕುಕ್ಕರಗಾಲಲ್ಲಿ ಕೂತು ಮೊಣಕಾಲು ಹಿಡಿದುಕೊಂಡಿತ್ತು. ಎಷ್ಟು ಹೊತ್ತು ಆಯಿತೋ, ವಾಚಿಲ್ಲ. ಬಂದಾಗ ಮುಖಕ್ಕಿದ್ದ ಬಿಸಿಲು ತಲೆಗೆ ಬಂದಿತ್ತು. ಆ ಹೊತ್ತಿನಲ್ಲಿ ಬಾಕಿಯಿಲ್ಲ, ಸಂಬಂಧವಿಲ್ಲ, ಅಂಗಡಿಯಿಲ್ಲ.

ಒಂದು ಜೀವ ಇನ್ನೊಂದನ್ನು ತಿನ್ನುವುದು ನೋಡಿ ನನ್ನ ಮನಸ್ಸು ತಣ್ಣಗಾಯಿತು. ಧ್ಯಾನ ಕಲಿಸುವವರು ಇದಕ್ಕೇನು ಹೇಳುತ್ತಾರೋ!

ಮಾರ್ಚ್ 12, ಬುಧವಾರ

ಬೆಳಿಗ್ಗೆ ಐದೂವರೆಯವರೆಗೆ ಮಲಗಿದೆ. ನಡುವೆ ಎಚ್ಚರವಿಲ್ಲ. ಗುಳಿಗೆ ತೆಗೆದುಕೊಂಡಿರಲಿಲ್ಲ. ಯಾರಿಗೂ ಹೇಳಲಿಲ್ಲ, ದೃಷ್ಟಿ ತಾಗುತ್ತದೆ.

ಮಾರ್ಚ್ 14, ಶುಕ್ರವಾರ, ಹೋಳಿ

ಮುತ್ತಲ ಗಿಡಗಳು ಹತ್ತಿಕೊಂಡಿವೆ. ಎಲೆ ಒಂದೂ ಇಲ್ಲ, ಬರೀ ಹೂವು. ಬಿದ್ದ ಒಂದನ್ನು ಅಂಗೈಯಲ್ಲಿಟ್ಟು ನೋಡಿದೆ: ಕೇಸರಿ ಎಸಳು ಗಿಣಿಯ ಕೊಕ್ಕು, ತೊಟ್ಟಿನ ಹತ್ತಿರ ಕಪ್ಪು ಮಖಮಲ್ಲು. ಬೆರಳಾಡಿಸಿದರೆ ಬಟ್ಟೆಯ ಅಂಗಡಿಯ ನೆನಪು. ಗೊರವಂಕಗಳು ಒಂದೇ ಸವನೆ ಗದ್ದಲ.

ನಾವು ಸಣ್ಣವರಿದ್ದಾಗ ಇದನ್ನೇ ಕುದಿಸಿ ಬಣ್ಣ ಮಾಡುತ್ತಿದ್ದೆವು. ಈಗ ಪಾಕೀಟು. ಸಂಜೆಯ ಹೊತ್ತಿಗೆ ಕ್ಯಾಲಮೈನ್ ಖಾಲಿ. ಒಬ್ಬ ಹುಡುಗನ ಕಣ್ಣು ಕೆಂಡವಾಗಿತ್ತು, ಬೇಗ ಡಾಕ್ಟರ ಕಡೆ ಕಳಿಸಿದೆ. ರಮಜಾನೂ ನಡೆದಿದೆ. ರೋಜಾ ಇದ್ದವರು ಬಂದು ಬಿಪಿ, ಶುಗರ್ ಗುಳಿಗೆ ಸೆಹರಿಗೋ ಇಫ್ತಾರಿಗೋ ಅಂತ ಕೇಳುತ್ತಾರೆ. ಡಾಕ್ಟರು ಬರೆದುಕೊಟ್ಟದ್ದನ್ನು ಓದಿ ಹೇಳುವುದೇ ನನ್ನ ಕೆಲಸ ಆಗಿದೆ.

ಮಾರ್ಚ್ 23, ಭಾನುವಾರ

ಅಣ್ಣನ ಮಗ ಕಾರು ತಂದಿದ್ದ. "ಖರೇ ಕಾಡು ತೋರಿಸ್ತೀನಿ ಬರ್ರಿ ಕಾಕಾ." ಚಿಂಚೋಳಿಗೆ ಹೋದೆವು. 2011ರಲ್ಲಿ ವನ್ಯಜೀವಿ ಧಾಮ ಅಂತ ಘೋಷಣೆ, 134 ಚದರ ಕಿಲೋಮೀಟರಿಗೂ ಮೇಲೆ. ಬಯಲುಸೀಮೆಯಲ್ಲಿ ಇಷ್ಟು ಕಾಡು ಉಳಿದದ್ದೇ ದೊಡ್ಡದು. ಚಂದ್ರಂಪಳ್ಳಿ ಕೆರೆಯ ನೀರು, ಸುತ್ತ ಗುಡ್ಡ, ರಕ್ತಚಂದನದ ಗಿಡಗಳು. ಇಲ್ಲಿ ತಂಡಾಗಳೂ ಇವೆ. ದಾರಿಯಲ್ಲಿ ಲಂಬಾಣಿ ಹೆಣ್ಣುಮಕ್ಕಳು ದನ ಹೊಡೆದುಕೊಂಡು ಹೊರಟಿದ್ದರು.

ಚೆನ್ನಾಗಿತ್ತು. ಆದರೆ ಆ ಬೇವಿನ ಬುಡದಲ್ಲಿ ಆದದ್ದು ಇಲ್ಲಿ ಆಗಲಿಲ್ಲ. ನೋಡಬೇಕಾದ್ದು ಬಹಳ ಇತ್ತು. ಬಂದಿದ್ದೇವೆ, ಎಲ್ಲ ನೋಡಿಯೇ ಹೋಗಬೇಕು ಅನ್ನುವ ಧಾವಂತ. ನಮ್ಮ ಹಿಂದೆ ಒಂದು ಗುಂಪು ಸ್ಪೀಕರು ತಂದಿತ್ತು. ಹುಡುಗ ನಿಂತಲ್ಲೆಲ್ಲ ಫೋಟೊ ತೆಗೆದ. ನನ್ನನ್ನು ಒಂದು ಗಿಡಕ್ಕೆ ಒರಗಿಸಿ ಕಣ್ಣು ಮುಚ್ಚಿಸಿ ಒಂದು ತೆಗೆದ, ಧ್ಯಾನದ ಫೋಟೊ ಅಂತೆ. ಮುಚ್ಚಿದ ಕಣ್ಣೊಳಗೆ ನಾನು ಊಟಕ್ಕೆ ಎಲ್ಲಿ ನಿಲ್ಲುವುದು ಅಂತ ಯೋಚಿಸುತ್ತಿದ್ದೆ.

ಹಾಗಾದರೆ ಗಿಡಗಳ ದೊಡ್ಡತನಕ್ಕೂ ಇದಕ್ಕೂ ಸಂಬಂಧವಿಲ್ಲವೋ? ದಿನಾ ಕಾಣುವ ಜಾಗವೇ ಬೇಕೋ? ಒಂದೇ ದಿನಕ್ಕೆ ತೀರ್ಪು ಕೊಡಬಾರದು.

ಮಾರ್ಚ್ 30, ಭಾನುವಾರ, ಯುಗಾದಿ

ಬೇವಿನ ಹೂವು ಅಡವಿಯಿಂದಲೇ ತಂದೆ. ಅಂಗಡಿ ಸಂಜೆ ತೆಗೆದೆ. ಸಂಬಂಧದವರು ಬೇಡ ಅಂದರು, ಕಾರಣ ಹೇಳಲಿಲ್ಲ. ಮಗಳು "ಛಲೋ ಆಯ್ತು ಪಪ್ಪಾ" ಅಂದಳು. ಇವಳು ಅಡಿಗೆ ಮನೆಯಿಂದ ಹೊರಗೆ ಬರಲಿಲ್ಲ.

ರಾತ್ರಿ 2ಕ್ಕೆ ಎಚ್ಚರ.

ಏಪ್ರಿಲ್ 9, ಬುಧವಾರ

ನಿನ್ನೆಯಿಂದ ಗ್ಯಾಸ್ ಸಿಲಿಂಡರಿಗೆ 50 ರೂಪಾಯಿ ಜಾಸ್ತಿ. ಉಜ್ವಲಾದವರಿಗೂ. ಇವತ್ತು ಅಡವಿಯಲ್ಲಿ ಕಟ್ಟಿಗೆಯವರು ಹೆಚ್ಚಿದ್ದರೋ, ನನಗೇ ಹಾಗನ್ನಿಸಿತೋ. ಆಯಿ ಇದ್ದಳು. "ಟಾಕಿ ಮೂಲ್ಯಾಗ ಕುಂತದ, ಸೊಸಿ ಅದರ ಮ್ಯಾಲ ಬಟ್ಟಿ ಇಡ್ತಾಳ," ಅಂದಳು.

ಕುತ್ತಿಗೆ ಹೇಗಿದೆ ಅಂತ ಕೇಳಿದೆ. ಹೊರೆ ಇಳಿಸಿದರೆ ಹೋಗುತ್ತದಂತೆ. ಇಳಿಸಿದರೆ ಒಲೆ ಉರಿಯುವುದಿಲ್ಲವಂತೆ. ದೊಡ್ಡಾಸ್ಪತ್ರೆಗೆ ಹೋಗಿ ಒಮ್ಮೆ ಎಕ್ಸ್‌ರೇ ಫೋಟೊ ತೆಗೆಸು ಆಯಿ, ಅಂದೆ. "ಹೋಗೋಣಂತ್ರಿ" ಅಂದಳು. ಈ "ಹೋಗೋಣಂತ್ರಿ" ನನಗೆ ಕೌಂಟರಿನಲ್ಲಿ ಚೆನ್ನಾಗಿ ಪರಿಚಯ.

ಅವರು ಹೋದ ಮೇಲೆ ನಾನು ನಿಧಾನಕ್ಕೆ ನಡೆಯಲು ನೋಡಿದೆ. ಆಗಲಿಲ್ಲ. ನಾಟಕ ಮಾಡುತ್ತಿದ್ದೇನೆ ಅನ್ನಿಸಿತು.

ಏಪ್ರಿಲ್ 17, ಗುರುವಾರ

ಬಿಸಿಲು. ಎಂಟು ಗಂಟೆಗೇ ನೆಲ ಕಾಯುತ್ತದೆ. ಐದೂಮುಕ್ಕಾಲಿಗೆ ಹೊರಟು ಏಳರೊಳಗೆ ವಾಪಸು ಬರಬೇಕು ಅಂದರೆ ಮತ್ತೆ ಅವಸರ, ಮತ್ತೆ ವಾಚು. ಒಣಹುಲ್ಲಿನಲ್ಲಿ ಹಾವಿನ ಪೊರೆ. ಹೋಗುವುದು ಬೇಡ ಅಂತ ಕೆಲವು ದಿನ ಬಿಟ್ಟೆ.

148/94. ಮಧ್ಯಾಹ್ನ ಒಬ್ಬ ಗಿರಾಕಿಯ ಮೇಲೆ ಕೂಗಾಡಿದೆ. ಚೀಟಿಯಿಲ್ಲದೆ ನಿದ್ದೆ ಗುಳಿಗೆ ಕೊಡು ಅಂತ ಹಟ ಹಿಡಿದಿದ್ದ. ಕೊಡದಿದ್ದದ್ದು ಸರಿ. ಕೂಗುವ ಅಗತ್ಯವಿರಲಿಲ್ಲ. ಅವನ ಕಣ್ಣು ನೋಡಿದರೆ ವಾರದಿಂದ ಮಲಗಿಲ್ಲ ಅಂತ ಗೊತ್ತಾಗುತ್ತಿತ್ತು. ಅಡವಿಗೆ ಹೋಗು ಮಾರಾಯ ಅನ್ನಬೇಕಿತ್ತೇ? ಹೊಡೆಯುತ್ತಿದ್ದ.

ರಾತ್ರಿ ಅರ್ಧ ಗುಳಿಗೆ.

ಏಪ್ರಿಲ್ 24, ಗುರುವಾರ

ಕರೆಂಟಿಲ್ಲ, ಗಿರಾಕಿಯಿಲ್ಲ. ಅಣ್ಣನ ಮಗ ಕಳಿಸಿದ ಸಂಶೋಧನೆಗಳನ್ನು ಓದಿದೆ.

ಅಮೆರಿಕದ ರೋಜರ್ ಉಲ್ರಿಚ್, 1984. ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆ. ಪಿತ್ತಕೋಶದ ಆಪರೇಷನ್ ಆದ 46 ರೋಗಿಗಳ ದಾಖಲೆ ತೆಗೆದು, ವಯಸ್ಸು ಗಿಯಸ್ಸು ಹೊಂದಿಸಿ 23 ಜೋಡಿ ಮಾಡಿದರು. ಅರ್ಧ ಜನರ ಕಿಟಕಿಯಾಚೆ ಗಿಡಗಳು, ಉಳಿದರ್ಧಕ್ಕೆ ಇಟ್ಟಿಗೆ ಗೋಡೆ. ಗಿಡ ಕಂಡವರು ಮುಕ್ಕಾಲು ದಿನದಷ್ಟು ಬೇಗ ಮನೆಗೆ ಹೋದರು. ಜೋರಿನ ನೋವಿನ ಔಷಧಿ ಕಡಿಮೆ ತೆಗೆದುಕೊಂಡರು. ಇದು ನನಗೆ ಹಿಡಿಸಿತು. ಲೆಕ್ಕ ಸಣ್ಣದಾದರೂ ಜೋಡಿ ಮಾಡಿ ನೋಡಿದ್ದಾರೆ, ರೋಗಿಗೆ ತನ್ನನ್ನು ಪರೀಕ್ಷಿಸುತ್ತಿದ್ದಾರೆ ಅಂತಲೇ ಗೊತ್ತಿಲ್ಲ. ಔಷಧಿಯ ಎಣಿಕೆ ಸುಳ್ಳು ಹೇಳುವುದಿಲ್ಲ.

ಇನ್ನೊಂದು 2019ರದು, ಇಂಗ್ಲೆಂಡಿನಲ್ಲಿ ಸುಮಾರು 20,000 ಜನರನ್ನು ಕೇಳಿದ್ದು. ವಾರಕ್ಕೆ ಕನಿಷ್ಠ 120 ನಿಮಿಷ ನಿಸರ್ಗದ ನಡುವೆ ಇದ್ದವರು ತಾವು ಆರೋಗ್ಯವಾಗಿದ್ದೇವೆ ಅಂತ ಹೆಚ್ಚಾಗಿ ಹೇಳಿದರು. ಒಂದೇ ಸಲ ಆದರೂ ಸರಿ, ಬಿಡಿಬಿಡಿಯಾಗಿ ಆದರೂ ಸರಿ. ಇದರಲ್ಲಿ ನನಗೆ ತಕರಾರು. ಆರೋಗ್ಯ ಇದ್ದವನೇ ತಾನೇ ಅಡ್ಡಾಡಲು ಹೋಗುವುದು? ಮಂಡಿ ನೋವಿನವನು ಮನೆಯಲ್ಲೇ ಇರುತ್ತಾನೆ. ಯಾವುದು ಮೊದಲು?

ಆಯಿಯದು ವಾರಕ್ಕೆ 120 ನಿಮಿಷಕ್ಕೆ ಎಷ್ಟೋ ಪಟ್ಟು. ಆಕೆಯನ್ನು ಯಾರೂ ಕೇಳಿಲ್ಲ.

ಏಪ್ರಿಲ್ 30, ಬುಧವಾರ, ಬಸವ ಜಯಂತಿ

ಮೆರವಣಿಗೆ. ಭಾಷಣದಲ್ಲಿ ಮೋಳಿಗೆ ಮಾರಯ್ಯನ ಹೆಸರು ಬಂತು. ಕಾಶ್ಮೀರದ ಅರಸೊತ್ತಿಗೆ ಬಿಟ್ಟು ಕಲ್ಯಾಣಕ್ಕೆ ಬಂದು ಕಟ್ಟಿಗೆ ಹೊರೆ ಮಾರಿ ಬದುಕಿದ ಶರಣ, ಹಾಗಂತ ಕಥೆ. ಆತನ ನೆನಪಿನ ಮೋಳಕೇರಾ ನಮ್ಮ ಹುಮನಾಬಾದ್ ತಾಲ್ಲೂಕಿನಲ್ಲೇ ಇದೆ. ಗವಿ ನೋಡಿ ಬಂದಿದ್ದೇನೆ, ಬಹಳ ವರ್ಷದ ಹಿಂದೆ.

ಭಾಷಣ ಮಾಡಿದವರು ಕಾಯಕದ ಬಗ್ಗೆ ಹೇಳಿದರು. ನಾನು ಬೇರೆ ಯೋಚನೆಯಲ್ಲಿದ್ದೆ. ದಿನಾ ಕಾಡಿಗೆ ಹೋಗುತ್ತಿದ್ದ ಅರಸನಿಗೆ ಅರಮನೆಗಿಂತ ಒಳ್ಳೆಯ ನಿದ್ದೆ ಬರುತ್ತಿತ್ತೋ? ಕುತ್ತಿಗೆ ನೋಯುತ್ತಿತ್ತೋ? ಎರಡೂ ಇರಬೇಕು.

ಮೇ 6, ಮಂಗಳವಾರ

ಇವಳು ಬಂದಳು, ತಾನೇ ಕೇಳಿ. ನನಗಿಂತ ಬೇಗ ನಡೆಯುತ್ತಾಳೆ, ಮಾತು ನಿಲ್ಲಿಸುವುದಿಲ್ಲ. ನಿಧಾನಕ್ಕೆ ನಡಿ, ಸುಮ್ಮನಿದ್ದು ನೋಡು ಅಂದೆ. "ನೀವ್ ಮಾಡ್ರಿ ನಿಮ್ಮ ಜಪಾನ," ಅಂದಳು.

ಕಕ್ಕೆ ಗಿಡ ಹಳದಿ ಹೂ ಬಿಟ್ಟಿತ್ತು. ಅದನ್ನು ದಾಟಿ ಹೋಗಿ ಕವಳಿ ಪೊದೆ ಕಂಡು ನಿಂತಳು. ಉಪ್ಪಿನಕಾಯಿಗೆ ಕಾಯಿ ಕಿತ್ತು ಸೆರಗಿಗೆ ಹಾಕಿಕೊಂಡಳು. ಮುಳ್ಳು ಗೀರಿತು, ಹಾಲು ಕೈಗೆ ಅಂಟಿತು, ಒರೆಸಿಕೊಳ್ಳಲೂ ಇಲ್ಲ. ಒಂದೊಂದೇ ಕಾಯಿ ತಿರುಗಿಸಿ ನೋಡಿ ಕೀಳುತ್ತಿದ್ದಳು. ಆ ಹೊತ್ತಿನಲ್ಲಿ ಒಂದೂ ಮಾತಿಲ್ಲ. ಹೇಳಿದರೆ ನಗುತ್ತಾಳೆ ಅಂತ ಹೇಳಲಿಲ್ಲ.

ವಾಪಸು ಬರುವಾಗ: "ಸಣ್ಣಾಕಿದ್ದಾಗ ಆಡು ಕಾಯಲಾಕ ಹೋಗ್ತಿದ್ದೆ. ಬಂದು ಬಿದ್ರ ಹೆಣದಂಥ ನಿದ್ದಿ. ಅಡವಿಯಿಂದ ಅಲ್ರೀ, ದಣಿವಿಗಿ."

ಇರಬಹುದು. ಮೂವತ್ತು ವರ್ಷದಿಂದ ನನಗೆ ದಣಿವಾಗುವುದು ನಿಂತ ಕಾಲಿಗೆ, ಮೈಗಲ್ಲ.

ಸ್ವಲ್ಪ ದೂರ ಬಂದ ಮೇಲೆ ಇನ್ನೊಂದು ಮಾತು: "ನೀವ್ ಒಬ್ರೇ ಬರ್ತೀರಿ, ಯಾರೂ ಏನೂ ಅನ್ನಂಗಿಲ್ಲ. ನಾ ಒಬ್ಬಾಕಿ ಸುಮ್ಮ ಇಲ್ಲಿ ಅಡ್ಡಾಡಿದ್ರ? ಕೈಯಾಗ ಚೀಲಾನೋ ಕುಡಗೋಲೋ ಇರ್ಬೇಕು." ಉತ್ತರ ಹೊಳೆಯಲಿಲ್ಲ.

ಇಬ್ಬರೂ ಚೆನ್ನಾಗಿ ಮಲಗಿದೆವು.

ಮೇ 17, ಶನಿವಾರ

ಹುಮನಾಬಾದ್. 138/86. ಡಾಕ್ಟರು ಖುಷಿ. ಯಾವುದರಿಂದ ಇಳಿಯಿತು ಅಂತ ಕೇಳಿದೆ. "ಗುಳಿಗಿ, ವಾಕಿಂಗ್, ಉಪ್ಪು, ಎಲ್ಲ ಸೇರಿ. ಯಾವುದೂ ಬಿಡಬೇಡ್ರಿ." ಒಂದೇ ತಿಂಗಳಲ್ಲಿ ಡೋಸು ಏರಿಸಿದ್ದೂ ಅಡವಿಗೆ ಹೋಗಲು ಶುರು ಮಾಡಿದ್ದೂ. ಹೀಗಿರುವಾಗ ಲೆಕ್ಕ ಬೇರೆ ಮಾಡಲಾಗದು. ನನ್ನ ಪರೀಕ್ಷೆ ಹನ್ನೆರಡು ಜನರದ್ದಕ್ಕಿಂತ ಕಡೆ, ಒಬ್ಬನದು.

ಬಸ್‌ಸ್ಟ್ಯಾಂಡಿನಲ್ಲಿ ಆಯಿ ಮತ್ತು ಸೊಸೆ ಸಿಕ್ಕರು. ದೊಡ್ಡಾಸ್ಪತ್ರೆಯಿಂದ ಬರುತ್ತಿದ್ದರು. ಫೋಟೊ ತೆಗೆದರಂತೆ, ಹೊರೆ ಹೊರಬೇಡ ಅಂದರಂತೆ. ಹಾಗಂದು ಆಯಿ ನನ್ನ ಮುಖ ನೋಡಿದಳು, ನಾನೇನಾದರೂ ಬೇರೆ ಹೇಳುತ್ತೇನೋ ಅಂತ. ಹೇಳಲಿಲ್ಲ. ಸೊಸೆ ಬಸ್ಸಿನ ಬೋರ್ಡು ಓದುತ್ತಿದ್ದಳು. ನಾಳೆಯಿಂದ ಕಟ್ಟಿಗೆ ತರುವವಳು ಅವಳೇ.

ರಾತ್ರಿ ಅಂಗಡಿ ಮುಚ್ಚುವ ಮೊದಲು ಎಚ್1 ರಿಜಿಸ್ಟರ್ ತೆಗೆದೆ. ನಿದ್ದೆ ಗುಳಿಗೆ ಮಾರಿದಾಗಲೆಲ್ಲ ಚೀಟಿ ಬರೆದ ಡಾಕ್ಟರ ಹೆಸರು, ರೋಗಿಯ ಹೆಸರು, ಎಷ್ಟು ಅಂತ ಬರೆದು ಮೂರು ವರ್ಷ ಇಡಬೇಕು. ನನ್ನ ಹೆಸರು ಫೆಬ್ರುವರಿಯಲ್ಲಿ ಇದೆ. ಏಪ್ರಿಲ್‌ನಲ್ಲಿ ಇದೆ. ಈ ತಿಂಗಳು ಇಲ್ಲ, ತಿಂಗಳೂ ಮುಗಿದಿಲ್ಲ.

ಮಳೆ ಶುರುವಾದರೆ ಹಳ್ಳದಾಚೆಗೆ ಕಾಲಿಡಲಾಗದು. ನಮ್ಮ ಕಪ್ಪು ಮಣ್ಣು ಚಪ್ಪಲಿಯನ್ನೇ ಕಿತ್ತುಕೊಳ್ಳುತ್ತದೆ. ಮೃಗಶಿರಾದಿಂದ ದೀಪಾವಳಿಯವರೆಗೆ ಎಲ್ಲಿಗೆ ಹೋಗುವುದು? ಮತ್ತೆ ಬೀದರ್ ರೋಡೇ? ಹುಡುಗನಿಗೆ ಕೇಳಬೇಕು, ಜಪಾನಿನವರು ಕೆಸರಿನಲ್ಲಿ ಏನು ಮಾಡುತ್ತಾರೆ ಅಂತ.